ನಮ್ಮ ಮನೆಯ ಬಾರ್ಡರ್ ಕೂಲಿ

ಪುಣೆಯಲ್ಲಿದ್ದ ನನ್ನ ತಮ್ಮ ಒಂದು ಬೇಸಿಗೆಯ ಮಧ್ಯಾಹ್ನ ಹೇಳದೆ ಕೇಳದೆ ಬಾದಾಮಿಗೆ ಬಂದಿಳಿದ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಮಾವಿನಹಣ್ಣು ತಂದಿದ್ದಾನೆಂದು ನಮ್ಮ ಅತ್ತೆ ಸಂತೋಷದಿಂದ ಎದ್ದುಹೋಗಿ ಬುಟ್ಟಿಯ ಬಟ್ಟೆ ಸರಿಸಿದರು. ಒಳಗಿನಿಂದ ಕಪ್ಪು ಬಿಳುಪಿನ ಅರಳೆಯ ಉಂಡೆಯಂಥದ್ದೊಂದು ತಲೆಯೆತ್ತಿ ಅವರ ಬೆರಳು ನೆಕ್ಕಿತು. ಅತ್ತೆ ಕೂಗಿದ ಕೂಗಿಗೆ ಆಚೆಮನೆಯವರೂ ಈಚೆಮನೆಯವರೂ ಓಡಿಬಂದರು.

“ಒಂದೆರಡು ವಾರ ಇಟ್ಕೋ ಅಕ್ಕಾ,” ಎಂದ ತಮ್ಮ. “ನನಗ ನಾಸಿಕ್‌ಗೆ ಬದ್ಲಿ ಆಗೈತಿ. ಮನಿ ಸಿಕ್ಕ ಕೂಡ್ಲೆ ಬಂದು ಒಯ್ತೇನಿ.”

“ಯಾವ ಜಾತಿದು ಇದು?” ಎಂದು ನನ್ನ ಗಂಡ ಕೇಳಿದರು.

“ಬಾರ್ಡರ್ ಕೋಲಿ.”

ಅತ್ತೆಯ ಕಿವಿಗೆ ಅದು ‘ಕೂಲಿ’ ಎಂದು ಬಿತ್ತು. “ಕೂಲಿ ಅಂದ್ರ ದುಡೀಬೇಕಲ್ಲೋ ತಮ್ಮಾ? ಏನ್ ಕೆಲಸಾ ಮಾಡ್ತೈತಿ ಇದು?”

“ಕುರಿ ಹಾಯಿಸೂ ನಾಯಿರಿ ಅತ್ತಿ. ಹಿಂಡು ಕೂಡಸ್ತೈತಿ, ತಿರಗಸ್ತೈತಿ, ದೊಡ್ಡಿಗೆ ತುಂಬ್ತೈತಿ.”

“ನಮ್ಮನ್ಯಾಗ ಕುರಿ ಎಲ್ಲಿ ಅದಾವು?”

ನಮ್ಮ ಮನೆಯಲ್ಲಿ ಕುರಿ ಇರಲಿಲ್ಲ ನಿಜ. ಆದರೆ ನಾವು ಮೂವರಿದ್ದೆವು.

ನಾನು ಬಾದಾಮಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಕೊರಳಲ್ಲಿ ತಾಳಿಯ ಜೊತೆಗೆ ಸೀಟಿಯೂ ನೇತಾಡುವ ಹೆಂಗಸು. ನನ್ನ ಗಂಡನದು ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ಅಂಗಡಿ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಮಾತು ಕಡಿಮೆ, ಅಂಗಡಿಯಲ್ಲಿ ಗಿರಾಕಿಗಳೇ ಮಾತಾಡಿ ಮುಗಿಸುತ್ತಾರಾದ್ದರಿಂದ. ಅತ್ತೆ ನಿತ್ಯ ಲಿಂಗಪೂಜೆ ಮಾಡಿಕೊಳ್ಳದೆ ಹನಿ ನೀರು ಮುಟ್ಟುವವರಲ್ಲ. ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಸೇರಿಸಿ ವಚನ ಹಾಡಿಸುತ್ತಾರೆ. ಇಂಥ ಮನೆಗೆ ನಾಯಿ ಬಂತು.

ಅದಕ್ಕೆ ಹೆಸರು ಮಾತ್ರ ನಿಲ್ಲಲೇ ಇಲ್ಲ. ತಮ್ಮ ಇಟ್ಟಿದ್ದ ಇಂಗ್ಲಿಷ್ ಹೆಸರು ಅತ್ತೆಯ ನಾಲಿಗೆಗೆ ಹೊರಳಲಿಲ್ಲ. ಅವರು ‘ಏ ಕೂಲಿ’ ಎಂದರು, ನನ್ನ ಗಂಡ ‘ಸಾಹೇಬ್ರ’ ಎಂದರು, ನಾನು ‘ಲೇ ತಮ್ಮಾ’ ಎಂದೆ. ಯಾರು ಏನೆಂದರೂ ಓಡಿ ಬರುತ್ತಿತ್ತು. ಬೀದಿಯಲ್ಲಿ ಕರೆದುಕೊಂಡು ಹೋದರೆ ನಮ್ಮ ಜಿಲ್ಲೆಯ ಜನ ಕೇಳುವುದು ಒಂದೇ ಪ್ರಶ್ನೆ: “ಮುಧೋಳ ನಾಯಿ ಅಲ್ಲೇನ್ರಿ?” ಅಲ್ಲವೆಂದರೆ ಮುಖದಲ್ಲಿ ಮರುಕ ಮೂಡುತ್ತಿತ್ತು. ಉದ್ದ ಕಾಲಿಲ್ಲ, ಸಣ್ಣ ಸೊಂಟವಿಲ್ಲ, ಮೈತುಂಬ ಜೂಲು. ಒಬ್ಬ ಹಿರಿಯರಂತೂ, “ಕಂಬಳಿ ಹೊದ್ಕೊಂಡು ಬಂದೈತಿ ನೋಡ್ರಿ, ಈ ಬಿಸಲಾಗ,” ಎಂದು ನಕ್ಕರು.

ಬಿಸಿಲು ಖರೆಯ ಸಮಸ್ಯೆಯಾಗಿತ್ತು. ದನದ ದವಾಖಾನೆಯ ಡಾಕ್ಟರನ್ನು ಕೇಳಿ ಹೊಟ್ಟೆಯ ಕೆಳಗಿನ ಕೂದಲು ಸಣ್ಣಗೆ ಕತ್ತರಿಸಿದೆವು. ನೀರಲ್ಲಿ ನೆನೆಸಿದ ಗೋಣಿಚೀಲ ಹಿತ್ತಲ ಬೇವಿನ ನೆರಳಲ್ಲಿ ಹಾಸಿದೆವು. ಹಾಲು, ಮೊಸರು, ಮಿದ್ದಿದ ರೊಟ್ಟಿ, ಡಾಕ್ಟರು ಹೇಳಿದ ಚೀಲದ ಆಹಾರ ಎಲ್ಲ ತಿಂದು ಅದು ಬೆಳೆಯಿತು. ನನ್ನ ತಮ್ಮ ಎರಡು ವಾರ ಎಂದವನು ದೀಪಾವಳಿಗೆ ಬಂದ, ನಾಯಿಯನ್ನು ನೋಡಿದ, ಅದರ ಹಿಂದೆ ನಿಂತ ನಮ್ಮ ಮುಖ ನೋಡಿದ, ಫರಾಳ ತಿಂದು ಬರಿಗೈಯಲ್ಲಿ ಹೋದ.

ಅಷ್ಟು ಹೊತ್ತಿಗೆ ಕೂಲಿ ತನ್ನ ಕೆಲಸ ಶುರುಮಾಡಿತ್ತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿದ್ದರೆ ಅದಕ್ಕೆ ಸಮಾಧಾನವಿಲ್ಲ. ಮೈಯನ್ನು ನೆಲಕ್ಕೆ ಹತ್ತಿಸಿ, ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ ನೋಡುತ್ತ ಬರುತ್ತಿತ್ತು. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಬರೀ ನೋಡುವುದು. ಆ ನೋಟಕ್ಕೆ ನನ್ನ ಗಂಡ ಪೇಪರ್ ಮಡಚಿಕೊಂಡು ಎದ್ದು ಅಡುಗೆಮನೆಗೆ ಬಂದುಬಿಡುತ್ತಿದ್ದರು.

“ಯಾಕ್ ಬಂದ್ರಿ?” ಎಂದರೆ, “ಗೊತ್ತಿಲ್ಲ, ಬರಬೇಕು ಅನಸ್ತು,” ಎನ್ನುತ್ತಿದ್ದರು.

ಸೋಮವಾರದ ಹೆಣ್ಣುಮಕ್ಕಳು ಮೊದಮೊದಲು ಹೆದರಿದರು. ಪಡಸಾಲೆಯಲ್ಲಿ ತಮತಮಗೆ ಬೇಕಾದಲ್ಲಿ, ಗೋಡೆಗೊರಗಿ, ಕಾಲು ಚಾಚಿ ಕೂರುವ ರೂಢಿ ಅವರದು. ಕೂಲಿ ಬಾಗಿಲಿನಿಂದ ಬಾಗಿಲಿಗೆ ಅರ್ಧಚಂದ್ರಾಕಾರವಾಗಿ ಸುತ್ತಿತು. ಎಲ್ಲರೂ ಸೀರೆ ಎಳೆದುಕೊಳ್ಳುತ್ತ, ಸರಿಯುತ್ತ ಸರಿಯುತ್ತ ಮೂಲೆಯಲ್ಲಿ ಒತ್ತಟ್ಟಿಗೆ ಕೂತರು. ಈಗ ಅತ್ತೆ ನಾಯಿಯನ್ನು ಹೊರಗೆ ಹಾಕಿಸುತ್ತಾರೆ ಎಂದು ನಾನು ಎದ್ದೆ. ಅವರು ಒಮ್ಮೆ ಪಡಸಾಲೆಯ ಉದ್ದಗಲ ನೋಡಿ, “ಇರ್ಲಿ ಬಿಡವಾ. ಹಿಂಗ ಕುಂತ್ರ ಎಲ್ಲಾರಿಗೂ ಜಾಗಾ ಆಕ್ಕೈತಿ. ದನೀನೂ ಕೂಡ್ತೈತಿ,” ಎಂದರು. ಆ ಸಂಜೆ ಹಾಡು ಖರೆಯೇ ಚೆನ್ನಾಗಿತ್ತು.

ಕೋತಿಗಳ ವಿಷಯ ಬೇರೆ. ಬಾದಾಮಿಯಲ್ಲಿ ಮನುಷ್ಯರಿಗಿಂತ ಮೊದಲು ಎದ್ದು ಊರಿನ ವ್ಯವಹಾರ ನೋಡಿಕೊಳ್ಳುವವು ಅವೇ. ಕೂಲಿ ಅವನ್ನೂ ಕೂಡಿಸಲು ಹೊರಟಿತು. ನಾಲ್ಕನ್ನು ಹೇಗೋ ಒಂದು ಕಡೆ ತರುವಷ್ಟರಲ್ಲಿ ಮೂರು ಗೋಡೆ ಹತ್ತುತ್ತಿದ್ದವು, ಉಳಿದ ಒಂದು ಹಿಂದಿನಿಂದ ಬಂದು ಬಾಲ ಜಗ್ಗುತ್ತಿತ್ತು. ಬಹಳ ದಿನ ಪಟ್ಟು ಬಿಡದೆ ಪ್ರಯತ್ನಿಸಿ, ಕೊನೆಗೆ ಕೋತಿ ಕಂಡರೆ ಮುಖ ತಿರುಗಿಸಿಕೊಂಡು ಹೋಗುವುದನ್ನು ಕಲಿಯಿತು. ಇದನ್ನು ಬಾದಾಮಿಯವರೆಲ್ಲ ಸಣ್ಣವರಿದ್ದಾಗಲೇ ಕಲಿತಿರುತ್ತಾರೆ.

ಗದ್ದಲವಾದದ್ದು ಶಾಲೆಯಲ್ಲಿ. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಬಯಲು ಮಾತ್ರ. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿದೆ. ಮನೆಯಲ್ಲಿ ಅದೇ ಸೀಟಿ ಊದಿ ನಾಯಿಗೆ ಅಷ್ಟಿಷ್ಟು ಕಲಿಸುತ್ತಿದ್ದೆನಲ್ಲ, ಅದು ಕಂಪೌಂಡು ಹಾರಿ ಬಾಣದಂತೆ ಬಂತು. ಸಾಲುಸಾಲಾಗಿ, ತೋಳಿನಳತೆಯ ಅಂತರದಲ್ಲಿ ನಿಂತ ಮಕ್ಕಳು ಅದರ ಕಣ್ಣಿಗೆ ಚದುರಿದ ಹಿಂಡಾಗಿ ಕಂಡಿರಬೇಕು. ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಹುಡುಗಿಯರು ಕಿರುಚುತ್ತ ನಗುತ್ತ ಹುಡುಗರ ಸಾಲಿಗೆ ಬಿದ್ದರು, ಹುಡುಗರು ಧ್ವಜದ ಕಟ್ಟೆಗೆ ಆತುಕೊಂಡರು. ಇಡೀ ಶಾಲೆ ಧ್ವಜಸ್ತಂಭದ ಬುಡದಲ್ಲಿ ಒಂದು ಮುಷ್ಟಿಯಾಯಿತು. ಕೂಲಿ ನನ್ನ ಕಾಲ ಬಳಿ ಮಲಗಿ, ಮುಂದೇನು ಎಂಬಂತೆ ನೋಡಿತು.

ಹೆಡ್ ಮಾಸ್ತರು ಆಫೀಸಿನಿಂದ ಹೊರಬಂದರು. “ಮೇಡಂ, ಇದು ಸಾಲಿನೋ, ಕುರಿ ದೊಡ್ಡಿನೋ?”

“ತಪ್ಪಾತ್ರಿ ಸರ್.”

“ತಪ್ಪಿಂದಲ್ರಿ. ಈ ಮಕ್ಕಳು ಇಷ್ಟ್ ಲಗೂನ ನೀವು ಹೇಳಿದ್ರೂ ಕೂಡಿಲ್ಲ, ನಾ ಹೇಳಿದ್ರೂ ಕೂಡಿಲ್ಲ.” ಅವರು ನಗು ತಡೆದುಕೊಂಡು ಮತ್ತೆ ಗಂಭೀರವಾದರು. “ಆದ್ರೂ ಅದಕ್ಕೊಂದು ಕೆಲಸಾ ಹಚ್ಚಿರಿ. ನಮ್ಮ ಸಾಲಿ ಬಿಟ್ಟು.”

ಕೆಲಸ ಹುಡುಕಿಕೊಂಡು ನಾನೂ ನಾಯಿಯೂ ಶಿವಯೋಗ ಮಂದಿರದ ಕಡೆ ಮಲಪ್ರಭೆಯ ದಂಡೆಗೆ ಹೋದೆವು. ಅಲ್ಲಿ ಕುರಿ ಮೇಯಿಸುವ ಗಂಡ ಹೆಂಡತಿ ಇದ್ದರು. ಹೆಂಡತಿ ನಗುಮೊಗದವಳು, ಗಂಡನಿಗೆ ಎಲ್ಲದರ ಮೇಲೂ ಅನುಮಾನ.

“ಅಕ್ಕೋರ, ನಮ್ಮಲ್ಲೇ ಎರಡು ನಾಯಿ ಅದಾವು. ರಾತ್ರಿ ತ್ವಾಳ ಬರದಂಗ ಕಾಯ್ತಾವು, ಹಗಲಿ ಮಕ್ಕೋತಾವು. ಇದೇನ್ ಮಾಡ್ತೈತಿ?”

“ಕುರಿ ತಿರಗಸ್ತೈತಿ.”

“ಅದಕ್ಕ ನಾ ಅದೀನಲ್ಲ?” ಎಂದ ಅವನು.

“ನೀ ಒಂದಿನಾ ಸುಮ್ಮ ಕುಂದರು. ನೋಡೂಣಂತ,” ಎಂದಳು ಹೆಂಡತಿ. ಹಾಗೆ ಅನುಮತಿ ಸಿಕ್ಕಿತು.

ಮೊದಲ ದಿನ ಆದದ್ದನ್ನು ಹೆಚ್ಚು ವಿವರಿಸಲಾರೆ. ಕುರಿಗಳಿಗೆ ಇಂಥ ನಾಯಿ ಗೊತ್ತಿಲ್ಲ, ನಾಯಿಗೆ ಇಂಥ ಕುರಿ ಗೊತ್ತಿಲ್ಲ, ನನಗೆ ಎರಡೂ ಗೊತ್ತಿಲ್ಲ. ಹಿಂಡು ಎರಡು ಪಾಲಾಗಿ ಅರ್ಧ ಹೊಳೆಗೆ ಇಳಿಯಿತು, ಅರ್ಧ ಯಾರದೋ ಉಳ್ಳಾಗಡ್ಡಿಯ ಹೊಲ ಹೊಕ್ಕಿತು. ಹಿಂಡಿನಲ್ಲಿದ್ದ ಒಂದು ಹೋತ ಮಾತ್ರ ಎಲ್ಲಿಗೂ ಓಡದೆ ನಿಂತು, ಕೂಲಿ ಹತ್ತಿರ ಬರುವವರೆಗೆ ಕಾದು, ಕೊಂಬಿನಿಂದ ಎತ್ತಿ ಒಗೆಯಿತು. ಕುರಿಗಾರ ಬೈಯುತ್ತಾನೆಂದುಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, “ನಾಳೆನೂ ಬರ್ರಿ ಅಕ್ಕೋರ,” ಎಂದ. ಬಯಲಲ್ಲಿ ಅವರಿಗೂ ಹೊತ್ತು ಹೋಗಬೇಕಲ್ಲ.

ನಾಳೆಯೂ ಹೋದೆವು, ನಾಡಿದ್ದೂ ಹೋದೆವು. ರವಿವಾರಗಳು, ರಜೆಯ ದಿನಗಳು, ಬಿಸಿಲೇರುವ ಮೊದಲಿನ ಮುಂಜಾವುಗಳು ಹೊಳೆಯ ದಂಡೆಯಲ್ಲೇ ಕಳೆದವು. ನಾನು ಕಾಲೇಜಿನಲ್ಲಿದ್ದಾಗ ಖೋ-ಖೋ ಆಡಿದವಳು. ಎದುರಿನವಳು ಯಾವ ಕಡೆ ತಿರುಗುತ್ತಾಳೆಂದು ಅವಳ ಭುಜ ನೋಡಿ ಹೇಳುವ ಕಣ್ಣು ಇನ್ನೂ ಉಳಿದಿತ್ತು. ಕುರಿಗೂ ಭುಜ ಇದೆ ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾಯಿ ಹತ್ತಿರ ಹೋದಷ್ಟೂ ಕುರಿಗಳು ಬೆದರುತ್ತವೆ, ದೂರದಿಂದ ಅಗಲವಾಗಿ ಸುತ್ತಿದರೆ ತಾವೇ ಕೂಡುತ್ತವೆ ಎಂಬುದು ನಿಧಾನಕ್ಕೆ ನಮ್ಮಿಬ್ಬರಿಗೂ ಒಟ್ಟಿಗೇ ತಿಳಿಯಿತು. ಹೋತಕ್ಕೆ ಮಾತ್ರ ಕೂಲಿ ಕೊನೆವರೆಗೂ ಮರ್ಯಾದೆ ಕೊಟ್ಟಿತು.

ಸೀಟಿಯಿಂದಲೇ ಕಲಿಸುತ್ತಿದ್ದೆ. ಒಂದು ಉದ್ದ ಸೀಟಿ ಎಂದರೆ ಇದ್ದಲ್ಲೇ ಮಲಗಬೇಕು. ಅದನ್ನು ಕಲಿತ ಮೇಲೆ ನನ್ನ ಗಂಡ ಒಂದು ಸಂಜೆ ನಾಯಿಯನ್ನು ಬಸ್ ಸ್ಟ್ಯಾಂಡ್ ಕಡೆ ಸುತ್ತಾಡಿಸಲು ಕರೆದೊಯ್ದರು. ಬಾಗಲಕೋಟೆಯ ಬಸ್ಸು ಹೊರಟಿತ್ತು. ಕಂಡಕ್ಟರ್ ಸೀಟಿ ಊದಿದ. ಕೂಲಿ ಬಸ್ಸಿನ ಮುಂದೆ ನಡುರಸ್ತೆಯಲ್ಲಿ ಮಲಗಿತು. ಡ್ರೈವರ್ ಬ್ರೇಕ್ ಹಾಕಿ ಹಾರ್ನ್ ಹೊಡೆದ. ನಾಯಿ ಏಳದ್ದನ್ನು ಕಂಡು ಕಂಡಕ್ಟರ್ ಇನ್ನೂ ಜೋರಾಗಿ ಊದಿದ. ಅದು ಗದ್ದವನ್ನೂ ನೆಲಕ್ಕೆ ಹಚ್ಚಿತು.

“ಏ ಯಪ್ಪಾ, ಸೀಟಿ ಊದಬ್ಯಾಡ್ರಿ!” ಎಂದು ಜೀವನದಲ್ಲಿ ಮೊದಲ ಸಲ ನನ್ನ ಗಂಡ ಬೀದಿಯಲ್ಲಿ ಕೂಗಿದರಂತೆ. ಕೊನೆಗೆ ಅದನ್ನು ಮಗುವಿನಂತೆ ಎತ್ತಿಕೊಂಡು ಬದಿಗೆ ಸರಿದರಂತೆ. ಬಸ್ಸಿನ ಕಿಟಕಿಗಳಿಂದ ಚಪ್ಪಾಳೆ ಬಿದ್ದವಂತೆ. ಮನೆಗೆ ಬಂದವರೇ ಹೇಳಿದರು: “ನಾಳಿಂದ ಸೀಟಿ ಬಂದ್. ಕನ್ನಡದಾಗ ಕಲಸು.”

ಹಾಗೆ ನಾವು ಕನ್ನಡಕ್ಕೆ ಬಂದೆವು. ‘ಎಡಕ್ಕ’, ‘ಬಲಕ್ಕ’, ‘ಸಾವಕಾಶ’, ‘ನಿಂದರ’. ಕೆಲಸ ಬಿಟ್ಟು ನನ್ನ ಬಳಿ ಬಾ ಎನ್ನುವುದಕ್ಕೆ ‘ಸಾಕು’. ಈ ಕೊನೆಯ ಮಾತನ್ನು ಅದು ಎಲ್ಲಕ್ಕಿಂತ ಬೇಗ ಕಲಿಯಿತು, ಏಕೆಂದರೆ ಅದಾದ ಮೇಲೆ ಬೆಲ್ಲದ ಚೂರು ಸಿಗುತ್ತಿತ್ತು. ಊಟದಲ್ಲಿ ಬಡಿಸುವವರಿಗೆ ನನ್ನ ಗಂಡ ‘ಸಾಕು’ ಎಂದರೂ ಹಿತ್ತಲಿನಿಂದ ಓಡಿಬರತೊಡಗಿತು. ನಾವು ಊಟದಲ್ಲಿ ಕೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಂಡೆವು.

ಮರುವರ್ಷದ ಚಳಿಗಾಲದಲ್ಲಿ ಬಾಗಲಕೋಟೆಯ ನವನಗರದಲ್ಲಿ ಪ್ರಾಣಿಪ್ರಿಯರ ಸಂಘವೊಂದು ಶ್ವಾನ ಪ್ರದರ್ಶನ ಇಟ್ಟಿತು. ಈ ಸಲ ಕುರಿ ಹಾಯಿಸುವ ಸ್ಪರ್ಧೆಯೂ ಇದೆ ಎಂದು ಡಾಕ್ಟರು ಸುದ್ದಿ ತಂದರು. ಮೈದಾನದ ಆಚೆ ತುದಿಯಲ್ಲಿ ಬಿಟ್ಟ ನಾಲ್ಕೈದು ಕುರಿಗಳನ್ನು ನಾಯಿ ಕೂಡಿಸಿ, ಎರಡು ಬಾವುಟಗಳ ನಡುವೆ ಹಾಯಿಸಿ, ಈಚೆ ತುದಿಯ ದೊಡ್ಡಿಗೆ ತುಂಬಬೇಕು. ನಾನು ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಖೋ-ಖೋದಲ್ಲಿ ನಮ್ಮ ತಂಡ ಯಾವಾಗಲೂ ಎರಡನೆಯದು. ಮೊದಲನೆಯದರ ಹಸಿವು ನನಗೆ ಹಳೆಯದು.

ಅತ್ತೆ ಅಂಗಡಿಯಲ್ಲಿ ಉಳಿದ ಖಣದ ತುಂಡಿನಿಂದ ನಾಯಿಗೊಂದು ಕೊರಳವಸ್ತ್ರ ಹೊಲಿದರು. ಕೆಂಪು ಅಂಚಿನ ಹಸಿರು ಖಣ. “ನಾಕ್ ಮಂದ್ಯಾಗ ಬರಿ ಕೊಳ್ಳಾಗ ಹೋದ್ರ ಹೆಂಗ?” ಎಂದು ತಾವೂ ಇಳಕಲ್ ಸೀರೆ ಉಟ್ಟು ಕಾರಿನಲ್ಲಿ ಮುಂದಿನ ಸೀಟು ಹಿಡಿದರು.

ಮೈದಾನದ ತುಂಬ ಮುಧೋಳ ನಾಯಿಗಳು ರಾಜಕುವರರಂತೆ ನಿಂತಿದ್ದವು. ನಮ್ಮ ಸ್ಪರ್ಧೆಗೆ ಬಂದವರು ಕೆಲವೇ ಮಂದಿ. ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರು ಕರುವಿನ ಗಾತ್ರದ ಜರ್ಮನ್ ಶೆಪರ್ಡ್ ತಂದಿದ್ದರು. ಹುನಗುಂದದ ಒಬ್ಬ ಕಾಲೇಜು ಹುಡುಗಿ, ತಮ್ಮ ಮನೆಯ ಕುರಿಹಿಂಡಿನ ಕಂದು ಬಣ್ಣದ ನಾಡ ನಾಯಿಯನ್ನು ಹಗ್ಗ ಕಟ್ಟಿ ಹಿಡಿದಿದ್ದಳು. ಆ ಹೆಣ್ಣುನಾಯಿ ನಿಂತಲ್ಲೇ ನಿದ್ದೆ ಹೋದಂತಿತ್ತು.

ಜರ್ಮನ್ ಶೆಪರ್ಡ್ ಮೊದಲು ಇಳಿಯಿತು. ಅದು ಕುರಿಗಳನ್ನು ನೋಡಿತು, ಕುರಿಗಳು ಅದನ್ನು ನೋಡಿದವು. ಆಮೇಲೆ ಅದು ಹೋಗಿ ಯಜಮಾನರ ಬೆನ್ನ ಹಿಂದೆ ನಿಂತಿತು. “ಇವತ್ತ ಅದಕ್ಕ ಮೂಡ್ ಇಲ್ರಿ,” ಎಂದು ಅವರು ಎಲ್ಲರಿಗೂ ಹೇಳುತ್ತ ಹೊರಬಂದರು.

ನಮ್ಮ ಸರದಿ. “ಬಲಕ್ಕ,” ಎಂದೆ. ಕೂಲಿ ಮೈದಾನದ ಅಂಚು ಹಿಡಿದು ಹೋದ ರೀತಿಗೆ ಜನ ಗಪ್ಪಾದರು. ಅಗಲವಾಗಿ ಸುತ್ತಿ, ಕುರಿಗಳ ಹಿಂದೆ ಮೈಯೂರಿ, ಸಾವಕಾಶವಾಗಿ ತಂದಿತು. ಬಾವುಟಗಳು ಇನ್ನೇನು ಹತ್ತಿರ ಬಂದಿದ್ದವು. ಆಗ ಮೈಕಿನವನಿಗೆ ಸ್ಫೂರ್ತಿ ಬಂತು. ಅವನದು ಪ್ರತಿ ಮಾತನ್ನೂ ಎಳೆದು ಹಿಗ್ಗಿಸುವ ರೂಢಿ.

“ಬಂಧುಗಳೇ! ಸಾಕೂ... ಪ್ರಾಣಿಗಳೆಂದರೆ...”

ಕೂಲಿಯ ಕಿವಿ ನಿಮಿರಿತು. ಕುರಿಗಳನ್ನು ಅಲ್ಲೇ ಬಿಟ್ಟು ಕುಣಿಯುತ್ತ ಬಂದು ನನ್ನ ಮುಂದೆ ಕೂತು ಬೆಲ್ಲಕ್ಕಾಗಿ ಬಾಯಿ ತೆರೆಯಿತು.

ಜನ ನಕ್ಕರು. ಮತ್ತೆ “ಎಡಕ್ಕ” ಎಂದು ಕಳಿಸಿದೆ. ಪಾಪ, ಗೊಂದಲವಾದರೂ ಹೋಯಿತು, ಚದುರಿದ ಕುರಿಗಳನ್ನು ಮತ್ತೆ ಕೂಡಿಸಿತು. ಅಷ್ಟರಲ್ಲಿ ಶಾಮಿಯಾನದಿಂದ ಎದ್ದ ನಮ್ಮ ಅತ್ತೆ ಸೆರಗು ಬಿಗಿದು ವೇದಿಕೆ ಹತ್ತುತ್ತಿರುವುದು ಕಂಡಿತು. ಮೈಕು ಅವನ ಬಾಯಿಗೆ ಹತ್ತಿಕೊಂಡೇ ಇತ್ತು. ಇಬ್ಬರ ಮಾತೂ ಮೈದಾನಕ್ಕೆಲ್ಲ ಕೇಳಿಸಿತು.

“ತಮ್ಮಾ, ಆ ಶಬ್ದ ಅನಬ್ಯಾಡಪಾ.”

“ಯಾವ ಶಬ್ದರಿ ಅವ್ವಾರ?”

“ಅದ. ಈಗ ಅಂದ್ಯಲ್ಲ, ಅದು.”

“ಪ್ರಾಣಿ ಅನ್ನೂದೇನ್ರಿ?”

“ಅದರಕಿಂತ ಮದಲಿಂದು.”

“ಬಂಧುಗಳೇ?”

“ಅದಾದಮ್ಯಾಲಿಂದು! ನಡಬರಕಿಂದು!”

ಅವನು ಸ್ವಲ್ಪ ಯೋಚಿಸಿ, ತಿಳಿದ ಸಂತೋಷದಲ್ಲಿ ಎರಡರಷ್ಟು ಜೋರಾಗಿ, “ಓಹೋ, ಸಾಕು!” ಎಂದ.

ಕೂಲಿ ಮತ್ತೆ ಕುಣಿಯುತ್ತ ಬಂತು.

ಈ ಸಲ ಇಡೀ ಮೈದಾನಕ್ಕೆ ಗುಟ್ಟು ತಿಳಿಯಿತು. ಅತ್ತೆ ಹಿಂದುಮುಂದು ನೋಡದೆ ಇಳಕಲ್ ಸೆರಗನ್ನು ಮೈಕಿನ ಮೇಲೆ ಹೊದಿಸಿ ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಜನ ಒಬ್ಬರಿಗೊಬ್ಬರು ಬಾಯಿಗೆ ಬೆರಳಿಟ್ಟು ತೋರಿಸಿಕೊಂಡರು. ಆ ನಿಶ್ಶಬ್ದದಲ್ಲಿ ನಾನು ಕೂಲಿಯ ತಲೆ ಸವರಿ, ಮೂರನೆಯ ಸಲ ಕಳಿಸಿದೆ. ಅದು ಹೋಯಿತು. ಯಾವ ಬೇಸರವೂ ಇಲ್ಲದೆ, ಇದೂ ಆಟದ ಒಂದು ಭಾಗವೇನೋ ಎಂಬಂತೆ ಹೋಯಿತು. ಕುರಿಗಳು ಬಾವುಟಗಳ ನಡುವೆ ಹಾದು, ದೊಡ್ಡಿಯ ಬಾಯಲ್ಲಿ ಒಂದು ಗಳಿಗೆ ಅನುಮಾನಿಸಿ, ಒಂದರ ಹಿಂದೊಂದು ಒಳಗೆ ಹೋದವು. ನಾನು ಓಡಿಹೋಗಿ ಗೇಟು ಹಾಕಿದೆ. ಚಪ್ಪಾಳೆಗೆ ಮುಧೋಳ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಗೆದ್ದೆವು ಎಂದೇ ನಾನು ತಿಳಿದಿದ್ದೆ. ಆಮೇಲೆ ಹುನಗುಂದದ ಹುಡುಗಿ ತನ್ನ ನಾಯಿಯ ಹಗ್ಗ ಬಿಚ್ಚಿದಳು. ಅದು ಮೈಮುರಿದು ಎದ್ದು, ಪೇಟೆಗೆ ಹೊರಟಂತೆ ಕುರಿಗಳ ಕಡೆ ನಡೆಯಿತು. ಸುತ್ತಲಿಲ್ಲ, ನೆಲಕ್ಕೆ ಮೈಯೂರಲಿಲ್ಲ. ಕುರಿಗಳನ್ನು ಮೂಸಿ, ತಿರುಗಿ ನೇರವಾಗಿ ದೊಡ್ಡಿಯ ಕಡೆ ನಡೆದುಬಂತು. ಕುರಿಗಳು ಅದರ ಹಿಂದೆಯೇ ಬಂದವು. ನಾಯಿ ದೊಡ್ಡಿಯೊಳಗೆ ಹೋಗಿ ಮಲಗಿತು. ಕುರಿಗಳೂ ಒಳಗೆ ಹೋಗಿ ನಿಂತವು.

ನಿರ್ಣಾಯಕರು ತಲೆ ಕೂಡಿಸಿದರು. “ಇದು ಹಾಯಿಸೂದಲ್ಲ, ಕರಕೊಂಡ್ ಬರೂದು,” ಎಂದರು ಒಬ್ಬರು. “ಕುರಿ ಒಳಗ ಬಂದಾವಿಲ್ರಿ?” ಎಂದರು ಇನ್ನೊಬ್ಬರು. ಮೊದಲ ಬಹುಮಾನ ಅವಳಿಗೆ. ಎರಡನೆಯದು ನನಗೆ, ಎಂದಿನಂತೆ.

ನನ್ನ ಮುಖ ಸಪ್ಪಗಾದದ್ದನ್ನು ಕಂಡ ಹುಡುಗಿ ತಾನೇ ಬಂದು, “ಟೀಚರ್, ನಿಮ್ಮ ನಾಯಿ ಹಂಗ ಓಡೂದು ನಮ್ಮದಕ್ಕ ಕಲಸ್ತೀರೇನ್ರಿ?” ಎಂದಳು. ಬೇಡವೆನ್ನಲು ಮನಸ್ಸಾಗಲಿಲ್ಲ. ಅಂದಿನಿಂದ ಅವಳು ಆಗಾಗ ರವಿವಾರ ನಾಯಿಯನ್ನು ಕರೆದುಕೊಂಡು ಹೊಳೆಯ ದಂಡೆಗೆ ಬರತೊಡಗಿದಳು. ಅವಳ ನಾಯಿ ಓಡುವುದನ್ನು ಕಲಿಯಲಿಲ್ಲ. ನಮ್ಮದು ನಡೆಯುವುದನ್ನು ಕಲಿಯಲಿಲ್ಲ. ಎರಡೂ ದಂಡೆಯ ಬೇವಿನ ಮರದ ಕೆಳಗೆ ಮಲಗುವುದನ್ನು ಮಾತ್ರ ಚೆನ್ನಾಗಿ ಕಲಿತವು. ಮುಂದಿನ ದೀಪಾವಳಿ ಮುಗಿದ ಮೇಲೆ ಹುನಗುಂದದಿಂದ ಫೋನು ಬಂತು.

“ಟೀಚರ್, ಈ ಸಲ ನಾವು ಬಾಗಲಕೋಟಿಗೆ ಬರೂದಿಲ್ರಿ. ಬಾಣಂತನ ನಡದೈತಿ.” ಹುಡುಗಿ ಕಿಸಕ್ಕನೆ ನಕ್ಕಳು. “ಎರಡು ಮರಿ ಕಪ್ಪು ಬಿಳಿ ಅದಾವ್ರಿ.”

ಆ ವರ್ಷ ನಮಗೆ ಮೊದಲ ಬಹುಮಾನ ಬಂತು. ಮೈಕಿನವನು ನಮ್ಮನ್ನು ಕಂಡವನೇ ಮೈಕು ಬಂದ್ ಮಾಡಿ ಕೈಮುಗಿದ. ಗೋಡೆಗಡಿಯಾರವೊಂದನ್ನು ಕೊಟ್ಟರು. ಆದರೆ ಸಾಲಿನಲ್ಲಿ ಆ ನಿದ್ದೆಗಣ್ಣಿನ ನಾಯಿ ಇಲ್ಲದ್ದಕ್ಕೋ ಏನೋ, ನಾನು ಎಣಿಸಿದ್ದಷ್ಟು ಕುಣಿಯಲಿಲ್ಲ.

ಅತ್ತೆಯ ಗಮನವೇ ಬೇರೆಡೆಗಿತ್ತು. “ಬಾಣಂತಿನ್ನ ನೋಡಾಕ ಹೋಗೂದಿಲ್ಲೇನು? ಬೀಗರ ಮನಿ ಅದು,” ಎಂದರು. ಹುಡುಗಿಯ ತಾಯಿಗೆ ಖಣ, ತೆಂಗಿನಕಾಯಿ, ಎಲೆ ಅಡಿಕೆ, ನಾಯಿಗೆ ಗೋಧಿ ಹುಗ್ಗಿ, ಎಲ್ಲ ಕಟ್ಟಿಕೊಂಡು ಹುನಗುಂದಕ್ಕೆ ಹೋದೆವು. ಬೀಗರೂ ಏನೂ ಕಡಿಮೆಯಿಲ್ಲದೆ ನಮ್ಮನ್ನು ಕಂಬಳಿ ಹಾಸಿ ಕೂರಿಸಿ ಶೇಂಗಾ ಹೋಳಿಗೆ ಬಡಿಸಿದರು. ಮರಿಗಳು ತಾಯಿಯ ಹಾಲು ಬಿಡುವವರೆಗೆ ಕಾದು, ಇನ್ನೊಮ್ಮೆ ಹೋಗಿ ಒಂದನ್ನು ತಂದೆವು. ಕೇಳಿದ್ದು ನಾನಲ್ಲ, ಅತ್ತೆ.

ಆ ಮರಿ ನೋಡಲು ಕೂಲಿಯ ಪಡಿಯಚ್ಚು, ನಡಿಗೆ ಮಾತ್ರ ತಾಯಿಯದು. ಬಂದ ಸಂಜೆಯೇ ಅದು ಯಾರಿಗೂ ಹೇಳದೆ ಹೊಸ್ತಿಲು ದಾಟಿ ಓಣಿಗಿಳಿದು ತನ್ನ ಪಾಡಿಗೆ ನಡೆಯಿತು. ಕೂಲಿ ಅದನ್ನು ತಿರುಗಿಸಲು ಅಗಲವಾಗಿ ಸುತ್ತು ಹಾಕಿತು. ಮರಿ ಅದರ ಹೊಟ್ಟೆಯ ಕೆಳಗಿನಿಂದ ನುಸುಳಿ ಮುಂದೆ ಹೋಯಿತು. ಸ್ವಲ್ಪ ಹೊತ್ತು ನಿಂತು ನೋಡಿದ ಕೂಲಿ ಮರಿಯ ಹಿಂದೆ ನಡೆಯಿತು. ಕೂಲಿಯ ಹಿಂದೆ ಅತ್ತೆ, “ಏ, ಎಲ್ಲಿಗೆ ಹೊಂಟೀರಿ?” ಎನ್ನುತ್ತ ಹೊರಟರು. ಪೇಪರ್ ಮಡಚಿಟ್ಟು ನನ್ನ ಗಂಡ ಎದ್ದರು. ನಾನು ಬಾಗಿಲು ಎಳೆದುಕೊಂಡು ಚಪ್ಪಲಿ ಮೆಟ್ಟಿದೆ.